ಮನೆಯೇ ಶಾಲೆಯಾಗಬಲ್ಲುದೇ?

(ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಈ ಸಭೆಗೆ ನಮ್ಮನ್ನು ಆಹ್ವಾನಿಸಲು ಬಂದಿದ್ದ ಸಹೋದರರೊಬ್ಬರು ಹೊರಡುವ ಮುನ್ನ ಒಂದು ಪ್ರಶ್ನೆ ಕೇಳಿದರು. ಅವರ ಮಗಳು ಏಳನೆಯ ತರಗತಿ ಮುಗಿಸಿದ್ದಾಳೆ. ಊರಿನ ಸರಕಾರಿ ಶಾಲೆ ಅಲ್ಲಿಗೆ ಕೊನೆಗೊಳ್ಳುತ್ತದೆ. ಮುಂದಿನ ಓದಿಗೆ ಬಸ್ಸು ಹಿಡಿದು ಹೋಗಬೇಕು. "ವಿದೇಶಗಳಲ್ಲಿ ಹೋಮ್ ಸ್ಕೂಲಿಂಗ್ ಅಂತ ಇದೆಯಂತೆ. ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲೇ ಕಲಿಸುತ್ತಾರಂತೆ. ನಮ್ಮ ಮಗಳಿಗೂ ಹಾಗೆಯೇ ಮಾಡಿದರೆ ಏನಾಗುತ್ತದೆ? ನೀವು ಓದಿದವರು, ಹೇಳಿ" ಎಂದರು.

ಆಗ ನಾವು "ಯೋಚಿಸಿ ಹೇಳುತ್ತೇವೆ" ಎಂದಷ್ಟೇ ಹೇಳಿ ಅವರನ್ನು ಬೀಳ್ಕೊಟ್ಟೆವು. ಇಂದಿನ ನಮ್ಮ ಮಾತುಗಳು ಅವರಿಗೆ ಕೊಡಬೇಕಾಗಿದ್ದ ಉತ್ತರವೆಂದೇ ತಾವು ಭಾವಿಸಬೇಕು. ಅವರ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮಗಳ ಮೇಲೆ ಪ್ರೀತಿಯಿಲ್ಲದವರು ಇಂಥ ಪ್ರಶ್ನೆಯನ್ನೇ ಕೇಳುವುದಿಲ್ಲ.

ಬಂಧುಗಳೇ, ಮನೆಯಲ್ಲಿ ಕಲಿಸುವುದು ಹೊಸ ಸಂಗತಿಯೇನಲ್ಲ. ಶಾಲೆಗಿಂತ ಮನೆ ಹಳೆಯದು. ಪ್ರವಾದಿ(ಸ)ರ ಪತ್ನಿ ಆಯಿಶಾ(ರ)ರ ಮನೆಗೆ ಹಿರಿಯ ವಿದ್ವಾಂಸರೂ ಬಂದು ಸಂಶಯ ಪರಿಹರಿಸಿಕೊಳ್ಳುತ್ತಿದ್ದರು. ನಮ್ಮ ದೇಶದಲ್ಲಿ ಶಾಲೆಗಳು ಹೆಣ್ಣುಮಕ್ಕಳಿಗೆ ತೆರೆಯುವುದಕ್ಕೂ ಮುಂಚೆ ಉಸ್ತಾನಿಯರೆಂಬ ಶಿಕ್ಷಕಿಯರು ಮನೆಗಳಿಗೇ ಬಂದು ಕಲಿಸುವ ಪದ್ಧತಿ ಅನುಕೂಲಸ್ಥ ಕುಟುಂಬಗಳಲ್ಲಿತ್ತು. ಆದರೆ ಇಂದು ಹೋಮ್ ಸ್ಕೂಲಿಂಗ್ ಅಥವಾ ಗೃಹಶಿಕ್ಷಣ ಎಂದು ಕರೆಯಲಾಗುವುದು ಇದಕ್ಕಿಂತ ಭಿನ್ನವಾದುದು. ಶಾಲೆ ಇಲ್ಲದಿದ್ದಾಗ ಮನೆಯಲ್ಲಿ ಕಲಿಸುವುದು ಒಂದು. ಶಾಲೆ ಇದ್ದೂ ಅದು ಬೇಡವೆಂದು ಮನೆಯಲ್ಲಿ ಕಲಿಸುವುದು ಇನ್ನೊಂದು.

ಈ ಎರಡನೆಯದು ಬೆಳೆದದ್ದು ಮುಖ್ಯವಾಗಿ ಅಮೇರಿಕದಲ್ಲಿ. ಅಲ್ಲಿ ಕಡ್ಡಾಯ ಶಾಲಾ ಹಾಜರಾತಿಯ ಕಾನೂನನ್ನು ಮೊದಲು ತಂದದ್ದು ಮೆಸಾಚುಸೆಟ್ಸ್ ರಾಜ್ಯ, 1852ರಲ್ಲಿ. ಮುಂದೆ ಒರೆಗಾನ್ ರಾಜ್ಯವು ಎಲ್ಲ ಮಕ್ಕಳೂ ಸರಕಾರಿ ಶಾಲೆಗೇ ಹೋಗಬೇಕೆಂದು ಕಾನೂನು ಮಾಡಿದಾಗ 1925ರಲ್ಲಿ ಅಲ್ಲಿನ ಸುಪ್ರೀಮ್ ಕೋರ್ಟ್ ಅದನ್ನು ರದ್ದುಪಡಿಸಿತು. 1972ರಲ್ಲಿ ಆಮಿಶ್ ಎಂಬ ಕ್ರೈಸ್ತ ಪಂಗಡದ ಹೆತ್ತವರು ಎಂಟನೆಯ ತರಗತಿಯ ನಂತರ ತಮ್ಮ ಮಕ್ಕಳನ್ನು ಶಾಲೆಗೆ ಕಳುಹಿಸಬೇಕಾಗಿಲ್ಲವೆಂದು ಅದೇ ನ್ಯಾಯಾಲಯ ತೀರ್ಪು ನೀಡಿತು. ಜಾನ್ ಹೋಲ್ಟ್ ಎಂಬ ಶಿಕ್ಷಣ ಚಿಂತಕರು 1977ರಲ್ಲಿ ಶಾಲೆಯಿಲ್ಲದ ಕಲಿಕೆಗೆಂದೇ ಒಂದು ಪತ್ರಿಕೆ ಆರಂಭಿಸಿದರು. 1993ರ ವೇಳೆಗೆ 50 ರಾಜ್ಯಗಳಲ್ಲೂ ಗೃಹಶಿಕ್ಷಣ ಕಾನೂನುಬದ್ಧವಾಗಿತ್ತು. ಕೊರೋನಾ ಕಾಲದಲ್ಲಿ, 2020ರ ವಸಂತದಿಂದ ಅದೇ ವರ್ಷದ ಶರತ್ಕಾಲದೊಳಗೆ, ಮನೆಯಲ್ಲಿ ಕಲಿಸುವ ಕುಟುಂಬಗಳ ಪ್ರಮಾಣ ಶೇ. 5.4ರಿಂದ 11.1ಕ್ಕೆ ಏರಿತೆಂದು ಅಲ್ಲಿನ ಜನಗಣತಿ ಇಲಾಖೆ ಹೇಳಿತು. ಕರಿಯ ಕುಟುಂಬಗಳಲ್ಲಂತೂ ಅದು ಶೇ. 3.3ರಿಂದ 16.1ಕ್ಕೆ ಏರಿತ್ತು.

ಇದಕ್ಕೆ ತದ್ವಿರುದ್ಧ ಜರ್ಮನಿಯದು. ಅಲ್ಲಿ ಮಗು ಶಾಲೆಗೆ ಹೋಗಲೇಬೇಕು. ಧರ್ಮದ ಕಾರಣ ಹೇಳಿ ವಿನಾಯಿತಿ ಕೇಳಿದ ಕ್ರೈಸ್ತ ಕುಟುಂಬವೊಂದರ ಅರ್ಜಿಯನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು 2006ರಲ್ಲಿ ತಿರಸ್ಕರಿಸಿತು. ಸಮಾಜದೊಳಗೆ ಬೇರೆ ಬೇರೆ ಸಮಾನಾಂತರ ಸಮಾಜಗಳು ಹುಟ್ಟದಂತೆ ನೋಡಿಕೊಳ್ಳುವುದರಲ್ಲಿ ಸರಕಾರಕ್ಕೆ ಆಸಕ್ತಿಯಿರುವುದು ನ್ಯಾಯವೇ ಎಂಬ ನಿಲುವನ್ನು ಅದು ಒಪ್ಪಿಕೊಂಡಿತು. ಇನ್ನೊಂದು ಕುಟುಂಬದ ಮಕ್ಕಳನ್ನು 2013ರಲ್ಲಿ ಮೂರು ವಾರಗಳ ಕಾಲ ಮನೆಯಿಂದ ಬೇರ್ಪಡಿಸಲಾಗಿತ್ತು. ಅದನ್ನೂ ಆ ನ್ಯಾಯಾಲಯ 2019ರಲ್ಲಿ ತಪ್ಪೆನ್ನಲಿಲ್ಲ. ಶಾಲೆಗೆ ಕಳುಹಿಸಲಿಲ್ಲವೆಂದು ಮಕ್ಕಳನ್ನು ತಾಯಿಯ ಮಡಿಲಿನಿಂದ ಎತ್ತಿಕೊಂಡು ಹೋಗುವುದನ್ನು ನಾವು ಒಪ್ಪಲಾರೆವು. ಆದರೆ ನೆರೆಮನೆಯ ಮಕ್ಕಳ ಪರಿಚಯವೇ ಇಲ್ಲದೆ ಬೆಳೆದ ಮಗು ನಾಳೆ ಅವರೊಂದಿಗೆ ಬಾಳುವುದು ಹೇಗೆ ಎಂಬ ಪ್ರಶ್ನೆಯನ್ನು ಮಾತ್ರ ನಾವು ತಳ್ಳಿಹಾಕುವಂತಿಲ್ಲ.

ಇನ್ನು ನಮ್ಮ ದೇಶದ ಕಾನೂನು. 2002ರಲ್ಲಿ ಸಂವಿಧಾನಕ್ಕೆ 86ನೇ ತಿದ್ದುಪಡಿಯಾಗಿ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವು ಮೂಲಭೂತ ಹಕ್ಕಾಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಎಪ್ರಿಲ್ 1ರಿಂದ ಜಾರಿಗೆ ಬಂತು. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯವೆಂದು ಅದರ 10ನೇ ಸೆಕ್ಷನ್ ಹೇಳುತ್ತದೆ. ಕರ್ತವ್ಯ ತಪ್ಪಿದ ಹೆತ್ತವರಿಗೆ ಶಿಕ್ಷೆಯನ್ನು ಅದು ವಿಧಿಸಿಲ್ಲ. 2012ರ ತಿದ್ದುಪಡಿಯ ಮೂಲಕ ಮದ್ರಸಗಳನ್ನೂ ವೇದ ಪಾಠಶಾಲೆಗಳನ್ನೂ ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಡಲಾಯಿತು. ಗೃಹಶಿಕ್ಷಣದ ಬಗ್ಗೆ ಕಾಯ್ದೆ ಬೇರೆಯಾಗಿ ಏನನ್ನೂ ಹೇಳಿಲ್ಲ. ಹೀಗಾಗಿ ನಗರಗಳಲ್ಲಿ ಕೆಲವು ವಿದ್ಯಾವಂತ ಹೆತ್ತವರು ಮಕ್ಕಳಿಗೆ ಮನೆಯಲ್ಲೇ ಕಲಿಸಿ, ಮುಂದೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಪರೀಕ್ಷೆಗೆ ಕೂರಿಸುತ್ತಾರೆ.

ಅವರನ್ನು ನಾವು ಟೀಕಿಸುವುದಿಲ್ಲ. ಅವರ ಆಕ್ಷೇಪಗಳಲ್ಲಿ ಸತ್ಯವಿದೆ. ಒಬ್ಬರೇ ಶಿಕ್ಷಕರು ನಾಲ್ಕೈದು ತರಗತಿಗಳನ್ನು ನೋಡಿಕೊಳ್ಳಬೇಕಾದ ಶಾಲೆಗಳು ನಮ್ಮಲ್ಲಿವೆ. ಬಾಯಿಪಾಠ ಮಾಡಿಸಿ ಅಂಕ ತೆಗೆಸುವುದನ್ನೇ ಶಿಕ್ಷಣವೆಂದು ಕರೆಯುವ ಶಾಲೆಗಳಿವೆ. ಮಗುವಿನ ಹೆಸರು ಕೇಳಿದೊಡನೆ ಮುಖ ಬದಲಿಸುವ ಶಿಕ್ಷಕರೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಇವೆಲ್ಲವೂ ನಿಜ. ಆದರೆ ಗೃಹಶಿಕ್ಷಣ ನೀಡುವ ಆ ಮನೆಗಳೊಳಗೆ ಒಮ್ಮೆ ಇಣುಕಿ ನೋಡಿ. ಕಲಿಸುವ ತಾಯಿ ಪದವೀಧರೆ. ತಂದೆಯ ದುಡಿಮೆಯಿಂದಲೇ ಮನೆ ನಡೆಯುತ್ತದೆ. ಆದ್ದರಿಂದ ತಾಯಿಗೆ ಬಿಡುವಿದೆ. ಮನೆಯಲ್ಲಿ ಪುಸ್ತಕಗಳಿವೆ, ಕಂಪ್ಯೂಟರಿದೆ. ಅಂದರೆ ಆ ಮನೆ ಶಾಲೆಯಾದದ್ದು, ಆ ತಾಯಿ ಹಿಂದೆ ಹದಿನೈದು ವರ್ಷ ಶಾಲೆ-ಕಾಲೇಜುಗಳಿಗೆ ಹೋಗಿದ್ದರಿಂದ! ಗೃಹಶಿಕ್ಷಣದ ಬೇರು ಶಾಲೆಯಲ್ಲಿದೆ ಎಂಬುದನ್ನು ನಾವು ಮರೆಯಬಾರದು.

ಅಷ್ಟೆಲ್ಲ ಇದ್ದರೂ ಅದು ಸುಲಭವಲ್ಲ ಎಂಬುದಕ್ಕೆ ಗಾಂಧೀಜಿಯವರ ಬದುಕೇ ಸಾಕ್ಷಿ. 1897ರಲ್ಲಿ ಅವರು ದರ್ಬಾನಿನಲ್ಲಿ ಬಂದಿಳಿದಾಗ ಅವರೊಂದಿಗೆ ಇಬ್ಬರು ಗಂಡುಮಕ್ಕಳೂ ಸೋದರಿಯ ಮಗನೂ ಇದ್ದರು. ಯುರೋಪಿಯನರ ಶಾಲೆಯಲ್ಲಿ ವಿಶೇಷ ರಿಯಾಯಿತಿಯ ಮೇರೆಗೆ ಅವರಿಗೆ ಪ್ರವೇಶ ಸಿಗುವಂತಿತ್ತು. ಇತರ ಭಾರತೀಯ ಮಕ್ಕಳಿಗೆ ಇಲ್ಲದ ಸವಲತ್ತು ತನ್ನ ಮಕ್ಕಳಿಗೆ ಬೇಡವೆಂದು ಗಾಂಧೀಜಿ ಮನೆಯಲ್ಲೇ ಕಲಿಸತೊಡಗಿದರು. ಉದ್ದೇಶ ಎಷ್ಟೊಂದು ಉನ್ನತವಾಗಿತ್ತು! ಆದರೆ ಮಕ್ಕಳಿಗೆ ಬೇಕಾದಷ್ಟು ಸಮಯ ಕೊಡಲು ತನಗೆ ಸಾಧ್ಯವಾಗಲಿಲ್ಲ, ಆ ಬಗ್ಗೆ ಮಕ್ಕಳಿಗೆ ತನ್ನ ಮೇಲೆ ದೂರಿದೆ ಎಂದು ಅವರು ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆದ ತಂದೆಗೇ ಸಮಯ ಸಾಲದೆ ಹೋದರೆ, ಬೆಳಗ್ಗೆ ಮೀನು ಮಾರಲು ಹೊರಟು ಮಧ್ಯಾಹ್ನ ದಣಿದು ಬರುವ ನಮ್ಮ ತಂದೆಗೆ, ದಿನವಿಡೀ ಬೀಡಿ ಕಟ್ಟುವ ನಮ್ಮ ತಾಯಿಗೆ ಅದು ಸಾಲುವುದೇ?

ಸಹೋದರರೇ, ಇಲ್ಲಿ ನಾವು ನಮ್ಮದೇ ಮನೆಯ ಒಂದು ಮಾತನ್ನು ಹೇಳಬೇಕಾಗಿದೆ. ನಮಗೊಬ್ಬರು ಅಕ್ಕ ಇದ್ದಾರೆ. ಶಾಲೆಯಲ್ಲಿ ಲೆಕ್ಕದಲ್ಲಿ ಅವರೇ ಮುಂದು. ಏಳನೆಯ ತರಗತಿಯಾದ ಮೇಲೆ ಹಿರಿಯರೆಲ್ಲ ಕುಳಿತು, "ಸಾಕು, ಇನ್ನು ಮನೆಯಲ್ಲೇ ಕಲಿಯಲಿ" ಎಂದು ತೀರ್ಮಾನಿಸಿದರು. ಗಮನಿಸಿ, ಕಲಿಯುವುದು ಬೇಡವೆಂದು ಯಾರೂ ಹೇಳಲಿಲ್ಲ. ಮೊದಲ ಕೆಲವು ದಿನ ಅಕ್ಕ ಹಳೆಯ ಪುಸ್ತಕಗಳನ್ನು ತೆಗೆದು ಓದುತ್ತಿದ್ದರು. ಅನಂತರ ಉಮ್ಮನ ಪಕ್ಕದಲ್ಲಿ ಬೀಡಿ ಎಲೆ ಕತ್ತರಿಸಲು ಕುಳಿತರು. ಆ ಪುಸ್ತಕಗಳು ಏನಾದವೋ ನಮಗೆ ನೆನಪಿಲ್ಲ. ಹದಿನೇಳು ತುಂಬುವುದರೊಳಗೆ ಅವರ ಮದುವೆ ಮುಗಿದಿತ್ತು.

ನಾವು ಗಂಡುಮಗ. ಮದ್ರಸಕ್ಕೆ ಹೋದೆವು, ಅಲ್ಲೇ ತಂಗಿ ಓದಿದೆವು. ಮದ್ರಸ ನಮಗೆ ಭಾಷೆ ಕಲಿಸಿತು, ಶಿಸ್ತು ಕಲಿಸಿತು, ಗ್ರಂಥದ ಮುಂದೆ ತಾಳ್ಮೆಯಿಂದ ಕೂರುವುದನ್ನು ಕಲಿಸಿತು. ಆ ಋಣವನ್ನು ನಾವೆಂದೂ ಅಲ್ಲಗಳೆಯುವುದಿಲ್ಲ. ಆದರೆ ಇಪ್ಪತ್ತನೆಯ ವಯಸ್ಸಿನಲ್ಲಿ ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿಗೆ ಕಟ್ಟಿದಾಗ ಶಾಲೆಯ ಹೊರಗಿನ ಕಲಿಕೆ ಎಷ್ಟು ಕಠಿಣವೆಂಬುದು ಅರಿವಾಯಿತು. ಪ್ರಯೋಗಾಲಯವನ್ನು ಕಂಡಿರಲಿಲ್ಲ. ತಪ್ಪು ಮಾಡಿದರೆ ತಿದ್ದುವವರಿರಲಿಲ್ಲ. ಗಣಿತದಲ್ಲಿ ಅನುತ್ತೀರ್ಣರಾದೆವು. ಆಗ ಊರಿನ ಸರಕಾರಿ ಹೈಸ್ಕೂಲಿನ ಗಣಿತದ ಮಾಸ್ತರರೊಬ್ಬರು ಸಂಜೆ ಶಾಲೆ ಬಿಟ್ಟ ಮೇಲೆ ನಮ್ಮನ್ನು ಕೂರಿಸಿಕೊಂಡು ನಾಲ್ಕು ತಿಂಗಳು ಪಾಠ ಹೇಳಿದರು. ಅವರು ನಮ್ಮ ಸಮುದಾಯದವರಲ್ಲ. ಒಂದು ರೂಪಾಯಿ ಮುಟ್ಟಲಿಲ್ಲ. ಎರಡನೆಯ ಸಲ ಉತ್ತೀರ್ಣರಾದೆವು, ಮುಂದೆ ಬಿ.ಎ. ಮುಗಿಸಿದೆವು. ಎರಡೂ ಸಲ ಪರೀಕ್ಷಾ ಶುಲ್ಕ ಕಟ್ಟಿದ್ದು ಅಕ್ಕನ ಬೀಡಿಯ ಹಣದಿಂದ.

ಇಂದು ಅಕ್ಕನ ಮಗ ಎಂಟನೆಯ ತರಗತಿಯಲ್ಲಿದ್ದಾನೆ. ಬೀಜಗಣಿತದ ಪುಸ್ತಕ ಹಿಡಿದು ಅವನು ತಾಯಿಯ ಬಳಿ ಬಂದಾಗ ಅವರು, "ಮಾಮ ಬಂದಾಗ ಕೇಳು" ಎನ್ನುತ್ತಾರೆ. ಲೆಕ್ಕದಲ್ಲಿ ನಮಗಿಂತ ಚುರುಕಾಗಿದ್ದವರು ಅವರು! ಮನೆಯಲ್ಲೇ ಕಲಿಯಲಿ ಎಂದು ಅಂದು ಹೇಳಿದವರು ಒಬ್ಬ ಹುಡುಗಿಯ ಓದನ್ನು ಮಾತ್ರ ನಿಲ್ಲಿಸಲಿಲ್ಲ; ಮುಂದಿನ ತಲೆಮಾರಿಗೆ ಮನೆಯಲ್ಲಿ ಸಿಗಬಹುದಾಗಿದ್ದ ಶಿಕ್ಷಕಿಯನ್ನೇ ಇಲ್ಲವಾಗಿಸಿದರು.

ಇದು ನಮ್ಮೊಂದು ಮನೆಯ ಕಥೆಯಲ್ಲ. 2006ರ ಸಾಚಾರ್ ಸಮಿತಿಯ ವರದಿಯು, 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ನಾಲ್ಕನೆಯ ಒಂದು ಭಾಗ ಒಂದೋ ಶಾಲೆಯ ಮೆಟ್ಟಿಲು ಹತ್ತಿಲ್ಲ ಅಥವಾ ಅರ್ಧದಲ್ಲೇ ಬಿಟ್ಟಿದ್ದಾರೆ ಎಂದು ಹೇಳಿತ್ತು. ಮುಸ್ಲಿಮ್ ಮಕ್ಕಳೆಲ್ಲ ಮದ್ರಸಗಳಲ್ಲೇ ಓದುತ್ತಾರೆಂಬ ಅಪಪ್ರಚಾರಕ್ಕೂ ಆ ವರದಿ ಉತ್ತರ ನೀಡಿತು. ಪೂರ್ಣಕಾಲಿಕವಾಗಿ ಮದ್ರಸಕ್ಕೆ ಹೋಗುವವರು ಶೇ. 3ರಿಂದ 4 ಮಾತ್ರ. ಹಾಗಾದರೆ ಉಳಿದವರು ಓದುವುದೆಲ್ಲಿ? ಅವರಲ್ಲಿ ಬಹುಪಾಲು ಬಡವರಿಗೆ ಸರಕಾರಿ ಶಾಲೆಯಲ್ಲದೆ ಬೇರೆ ದಾರಿಯಿಲ್ಲ. ಸರಕಾರಿ ಶಾಲೆ ಸೊರಗಿದರೆ ಮೊದಲು ಸೊರಗುವವರು ಅವರೇ.

ಶಾಲೆಯಿಲ್ಲದೆ ಮನೆಯೊಂದೇ ಉಳಿದರೆ ಏನಾಗುತ್ತದೆಂಬುದನ್ನು ನಾವೆಲ್ಲರೂ ಕಣ್ಣಾರೆ ಕಂಡಿದ್ದೇವೆ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಒಂದು ರೀತಿಯಲ್ಲಿ ಇಡೀ ದೇಶವೇ ಗೃಹಶಿಕ್ಷಣಕ್ಕೆ ತಳ್ಳಲ್ಪಟ್ಟಿತು. ಅನುಕೂಲಸ್ಥರ ಮಕ್ಕಳು ಕಂಪ್ಯೂಟರಿನ ಮುಂದೆ ಕುಳಿತರು. ಬಡವರ ಮನೆಗಳಲ್ಲಿ ಇದ್ದ ಒಂದು ಮೊಬೈಲು ತಂದೆಯ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತಿತ್ತು. ನಮ್ಮ ರಾಜ್ಯದ ಶಿಕ್ಷಕರು ವಿದ್ಯಾಗಮ ಯೋಜನೆಯಡಿ ಊರೂರಿಗೆ ಹೋಗಿ ಮರದ ಕೆಳಗೆ, ಜಗಲಿಗಳ ಮೇಲೆ ಪಾಠ ಮಾಡಿದರು. ಸೋಂಕು ಹರಡಿದ್ದರಿಂದ ಅದೇ ವರ್ಷದ ಅಕ್ಟೋಬರಿನಲ್ಲಿ ಅದೂ ನಿಂತಿತು. ಅನಂತರ ನಡೆದ ಅಸರ್ ಸಮೀಕ್ಷೆಯಲ್ಲಿ, ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಮೂರನೆಯ ತರಗತಿಯ ಮಕ್ಕಳ ಪ್ರಮಾಣ ಗ್ರಾಮೀಣ ಕರ್ನಾಟಕದಲ್ಲಿ 2018ಕ್ಕೆ ಹೋಲಿಸಿದರೆ ಸುಮಾರು ಅರ್ಧಕ್ಕೆ ಇಳಿದಿತ್ತು. ಬಡವನ ಮನೆ ಶಾಲೆಯ ಕೆಲಸವನ್ನು ಹೊರಲಾರದು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕೇ?

ಮನೆಯ ಕಲಿಕೆಯನ್ನು ಹೊಗಳುವವರು ಬೇಗಮ್ ರುಕಿಯಾ ಸಖಾವತ್ ಹುಸೇನ್‌ರ ಹೆಸರನ್ನು ಉದಾಹರಿಸುವುದುಂಟು. 1880ರಲ್ಲಿ ಈಗಿನ ಬಾಂಗ್ಲಾದೇಶದ ರಂಗಪುರ ಜಿಲ್ಲೆಯಲ್ಲಿ ಹುಟ್ಟಿದ ಅವರು ಶಾಲೆಯನ್ನೇ ಕಾಣಲಿಲ್ಲ. ಮನೆಮಂದಿ ಮಲಗಿದ ಮೇಲೆ ಅಣ್ಣ ದೀಪ ಹಚ್ಚಿ ಅವರಿಗೆ ಬಂಗಾಳಿ ಮತ್ತು ಇಂಗ್ಲಿಷ್ ಕಲಿಸಿದರು. ಮನೆಯಲ್ಲೇ ಕಲಿತು ದೊಡ್ಡ ಲೇಖಕಿಯಾದರು ಎಂಬುದು ಸರಿ. ಆದರೆ ಹಾಗೆ ಕಲಿತ ಆ ಮಹಿಳೆ ಮಾಡಿದ್ದೇನು? ಎಲ್ಲ ಹೆಣ್ಣುಮಕ್ಕಳೂ ಹೀಗೆಯೇ ಮನೆಯಲ್ಲಿ ಕಲಿಯಲಿ ಎಂದರೇ? ಇಲ್ಲ. 1909ರಲ್ಲಿ ಪತಿ ತೀರಿಕೊಂಡ ಬಳಿಕ ಭಾಗಲ್ಪುರದಲ್ಲಿ ಐದು ಮಂದಿ ಹುಡುಗಿಯರಿಗಾಗಿ ಶಾಲೆ ತೆರೆದರು. 1911ರಲ್ಲಿ ಅದನ್ನು ಕಲ್ಕತ್ತಾದಲ್ಲಿ ಎಂಟು ಮಂದಿಯೊಂದಿಗೆ ಮತ್ತೆ ಆರಂಭಿಸಿದರು. ಮನೆ ಮನೆಗೆ ಹೋಗಿ ಹೆತ್ತವರನ್ನು ಬೇಡಿಕೊಂಡರು. ಪರ್ದಾದ ಕಾರಣ ಕಳುಹಿಸಲಾರೆವು ಎಂದವರಿಗಾಗಿ ಪರದೆ ಕಟ್ಟಿದ ಗಾಡಿಯನ್ನೇ ಏರ್ಪಡಿಸಿದರು. ಎಲ್ಲರ ಮನೆಯಲ್ಲೂ ಅಂಥ ಅಣ್ಣನಿರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅಣ್ಣನಿಲ್ಲದ ಹುಡುಗಿಯರಿಗಾಗಿಯೇ ಅವರು ಶಾಲೆ ಕಟ್ಟಿದ್ದು.

ಹುಡುಗಿಯ ನಂಬಿಕೆಗೂ ಓದಿಗೂ ನಡುವೆ ಅಡ್ಡಿ ಬಂದಾಗ ರುಕಿಯಾ ಗಾಡಿಯನ್ನು ಬದಲಿಸಿದರು, ಹುಡುಗಿಯನ್ನು ಹೊರಗಿಡಲಿಲ್ಲ. ನೂರು ವರ್ಷಗಳ ನಂತರ ನಮ್ಮ ರಾಜ್ಯದಲ್ಲಿ ಆದದ್ದು ಇದರ ವಿರುದ್ಧ. 2022ರ ಫೆಬ್ರವರಿ 5ರ ಸರಕಾರಿ ಆದೇಶ, ಅದನ್ನು ಎತ್ತಿಹಿಡಿದ ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳು ನೀಡಿದ ಭಿನ್ನ ತೀರ್ಪು ಇವೆಲ್ಲ ತಮಗೆ ತಿಳಿದದ್ದೇ. ತಲೆಯ ಮೇಲಿನ ಒಂದು ತುಂಡು ಬಟ್ಟೆಗಾಗಿ ಹೆಣ್ಣುಮಕ್ಕಳನ್ನು ಕಾಲೇಜಿನ ಗೇಟಿನ ಹೊರಗೆ ನಿಲ್ಲಿಸಿದ್ದು ಘೋರ ಅನ್ಯಾಯ. ಆ ಅನ್ಯಾಯವನ್ನು ಸರಕಾರದ ಮುಂದೆ ನಾವು ಹೇಳುತ್ತಲೇ ಇರಬೇಕು. ಆದರೆ ಅದೇ ಸಂದರ್ಭದಲ್ಲಿ ನಮ್ಮೊಳಗೆ ಕೆಲವರು "ಒಳ್ಳೆಯದೇ ಆಯಿತು, ಮನೆಯಲ್ಲಿರಲಿ" ಎಂದದ್ದನ್ನೂ ನಾವು ಕೇಳಿದ್ದೇವೆ. ಗೇಟು ಮುಚ್ಚಿದವನಿಗೂ, ಮುಚ್ಚಿದ್ದು ಒಳ್ಳೆಯದಾಯಿತು ಎಂದವನಿಗೂ ಆ ಹುಡುಗಿಯ ಮಟ್ಟಿಗೆ ಏನು ವ್ಯತ್ಯಾಸ? ಅವಳು ಹೊರಗೇ ಉಳಿದಳಲ್ಲ!

ಈಗ ಮಗಳಿಗೆ ಮನೆಯಲ್ಲೇ ಕಲಿಸುವೆನೆನ್ನುವ ತಂದೆಗೆ ನಾವು ಐದು ಪ್ರಶ್ನೆಗಳನ್ನು ಕೇಳುತ್ತೇವೆ. ಕಲಿಸುವವರು ಯಾರು? ದಿನದಲ್ಲಿ ಎಷ್ಟು ಹೊತ್ತು, ಯಾವ ಹೊತ್ತು? ವಿಜ್ಞಾನ ಮತ್ತು ಗಣಿತವನ್ನು ಯಾರು ಹೇಳಿಕೊಡುತ್ತಾರೆ? ಯಾವ ವರ್ಷ, ಯಾವ ಪರೀಕ್ಷೆಗೆ ಕೂರಿಸುತ್ತೀರಿ? ಮನೆಯ ಹೊರಗಿನ ಯಾರೊಂದಿಗೆ ಅವಳು ಬೆರೆಯುತ್ತಾಳೆ, ವಾದಿಸುತ್ತಾಳೆ, ಆಡುತ್ತಾಳೆ? ಈ ಐದಕ್ಕೂ ಉತ್ತರವಿದ್ದರೆ ಅದು ಗೃಹಶಿಕ್ಷಣ. ಅಂಥವರಿಗೆ ನಮ್ಮ ಆಕ್ಷೇಪವಿಲ್ಲ. ಉತ್ತರವಿಲ್ಲದಿದ್ದರೆ ಅದು ಶಾಲೆ ಬಿಡಿಸುವುದಕ್ಕೆ ಇಟ್ಟ ಚಂದದ ಹೆಸರು. ಆರನೆಯ ಪ್ರಶ್ನೆಯೊಂದನ್ನು ನಮ್ಮ ಮನಸ್ಸಾಕ್ಷಿಯೇ ಕೇಳಬೇಕು: ಮಗನಿದ್ದಿದ್ದರೆ ಇದೇ ತೀರ್ಮಾನ ತೆಗೆದುಕೊಳ್ಳುತ್ತಿದ್ದೆವೇ?

ಶಾಲೆ ಸರಿಯಿಲ್ಲ ಎಂಬ ದೂರಿಗೆ ಶಾಲೆಯನ್ನು ಬಿಡುವುದು ಪರಿಹಾರವಲ್ಲ. ನಮ್ಮ ಮಸೀದಿಯ ಮಾಡು ಸೋರಿದರೆ ನಾವು ನಮಾಝನ್ನು ಮನೆಗೆ ಸ್ಥಳಾಂತರಿಸಿ ಸುಮ್ಮನಾಗುವುದಿಲ್ಲ. ಚಂದಾ ಎತ್ತಿ ಹೆಂಚು ಹಾಕಿಸುತ್ತೇವೆ. ಸರಕಾರಿ ಶಾಲೆಯೂ ನಮ್ಮ ತೆರಿಗೆಯಿಂದ ನಡೆಯುವ ನಮ್ಮದೇ ಆಸ್ತಿ. ಕರ್ನಾಟಕದಲ್ಲಿ 2001ರಿಂದಲೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಶಾಲಾ ಸಮಿತಿಯಲ್ಲಿ ಕನಿಷ್ಠ ನಾಲ್ಕನೆಯ ಮೂರು ಭಾಗ ಹೆತ್ತವರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಈ ಸಭೆಯಲ್ಲಿರುವ ಎಷ್ಟು ಮಂದಿ ಆ ಸಮಿತಿಯ ಸಭೆಗೆ ಹೋಗಿದ್ದೀರಿ? ಜಮಾಅತ್‌ನ ಚುನಾವಣೆಗೆ ತೋರುವ ಉತ್ಸಾಹದ ಒಂದಂಶವನ್ನಾದರೂ ಅಲ್ಲಿ ತೋರಿದ್ದೇವೆಯೇ? ಶಿಕ್ಷಕರ ಕೊರತೆಯಿದ್ದರೆ ಅರ್ಜಿ ಕೊಡಬೇಕಾದವರು ನಾವು. ಶಿಕ್ಷಕರು ತಾರತಮ್ಯ ಮಾಡಿದರೆ ಎದ್ದುನಿಂತು ಕೇಳಬೇಕಾದವರೂ ನಾವೇ.

ಹಾಗಾದರೆ ಮನೆಗೆ ಪಾತ್ರವೇ ಇಲ್ಲವೇ? ಖಂಡಿತ ಇದೆ. ಶಾಲೆ ದಿನಕ್ಕೆ ಆರು ಗಂಟೆಯದ್ದು, ಉಳಿದದ್ದೆಲ್ಲ ಮನೆಯದ್ದು. ಭಾಷೆ, ನಡತೆ, ಧರ್ಮ, ಪುಸ್ತಕದ ಪ್ರೀತಿ ಇವು ಮೊದಲು ಮನೆಯಲ್ಲೇ ಮೊಳೆಯಬೇಕು. ಮಗ್ರಿಬ್ ನಂತರದ ಒಂದು ಗಂಟೆ ಟಿ.ವಿ.ಯನ್ನೂ ಮೊಬೈಲನ್ನೂ ಬದಿಗಿಟ್ಟು ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಿ. ಓದು ಬಾರದ ತಾಯಿ, "ಇವತ್ತು ಏನು ಕಲಿತೆ, ನನಗೆ ಹೇಳಿಕೊಡು" ಎಂದು ಕೇಳಿದರೂ ಸಾಕು, ಆ ಮಗು ಪಾಠವನ್ನು ಎರಡನೆಯ ಸಲ ಕಲಿಯುತ್ತದೆ.

ಈಗಾಗಲೇ ಶಾಲೆ ಬಿಟ್ಟು ಮನೆಯಲ್ಲಿರುವ ಹೆಣ್ಣುಮಕ್ಕಳ ಬಗ್ಗೆಯೂ ಒಂದು ಮಾತು. ಅವರ ಬಾಗಿಲು ಮುಚ್ಚಿಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ 14 ವರ್ಷ ತುಂಬಿದವರು ಹತ್ತನೆಯ ತರಗತಿಗೆ ಸಮನಾದ ಪರೀಕ್ಷೆಗೆ ಹೆಸರು ನೋಂದಾಯಿಸಬಹುದು. ನೋಂದಣಿ ಐದು ವರ್ಷ ಊರ್ಜಿತದಲ್ಲಿರುತ್ತದೆ. ವಿಷಯಗಳನ್ನು ಒಂದೊಂದಾಗಿ ಮುಗಿಸಬಹುದು. ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿಗೆ ಕೂರುವ ದಾರಿಯೂ ಇದೆ. ಬದ್ರ್‌ನ ಯುದ್ಧಕೈದಿಗಳಲ್ಲಿ ಅಕ್ಷರ ಬಲ್ಲವರು ಹತ್ತು ಮಕ್ಕಳಿಗೆ ಓದುಬರಹ ಕಲಿಸಿದರೆ ಬಿಡುಗಡೆಯೆಂದು ಪ್ರವಾದಿ(ಸ) ತೀರ್ಮಾನಿಸಿದ್ದನ್ನು ನಾವು ವೇದಿಕೆಗಳಲ್ಲಿ ಅಭಿಮಾನದಿಂದ ಹೇಳುತ್ತೇವೆ. ಶತ್ರುವಿನಿಂದಲೂ ಮಕ್ಕಳಿಗೆ ಕಲಿಸಿದವರ ಅನುಯಾಯಿಗಳಾದ ನಮಗೆ, ಮದ್ರಸದ ಹಾಲ್‌ನಲ್ಲಿ ಸಂಜೆಯ ಎರಡು ಗಂಟೆ ಈ ಹೆಣ್ಣುಮಕ್ಕಳಿಗೆ ಬಿಟ್ಟುಕೊಡುವುದು ಅಷ್ಟೊಂದು ಕಷ್ಟವೇ? ನಮ್ಮ ಊರಿನ ಪದವೀಧರೆಯರೇ ಅಲ್ಲಿ ಕಲಿಸಬಲ್ಲರು. ನಾವೂ ವಾರಕ್ಕೆ ಎರಡು ದಿನ ಬಂದು ಕನ್ನಡ ಮತ್ತು ಸಮಾಜ ವಿಜ್ಞಾನ ಹೇಳಿಕೊಡಲು ಸಿದ್ಧರಿದ್ದೇವೆ. ಇದನ್ನು ಅಧ್ಯಕ್ಷರ ಸಮ್ಮುಖದಲ್ಲೇ ಹೇಳುತ್ತಿದ್ದೇವೆ.

ಕೊನೆಯದಾಗಿ, ಆ ಸಹೋದರರಿಗೆ ನಮ್ಮ ಉತ್ತರ. ಅವರು ಈ ಸಭೆಯಲ್ಲಿಯೇ ಇದ್ದಾರೆ. ನಿಮ್ಮ ಭಯ ಬಸ್ಸಿನದ್ದು, ದಾರಿಯದ್ದು ಎಂಬುದು ನಮಗೆ ಗೊತ್ತು. ಆ ಭಯಕ್ಕೆ ಪರಿಹಾರ ದಾರಿಯಲ್ಲಿಯೇ ಸಿಗಬೇಕು. ಈ ಊರಿನಿಂದ ಆ ಹೈಸ್ಕೂಲಿಗೆ ಹೋಗುವ ಹುಡುಗಿಯರೆಷ್ಟು ಮಂದಿ ಎಂದು ಲೆಕ್ಕ ಹಾಕೋಣ. ಅವರು ಜೊತೆಯಾಗಿ ಹೋಗಿಬರುವ ಏರ್ಪಾಡು ಮಾಡೋಣ. ಅಗತ್ಯವಿದ್ದರೆ ಜಮಾಅತ್‌ನ ವತಿಯಿಂದ ಒಂದು ವಾಹನ ಗೊತ್ತುಮಾಡೋಣ. ನೂರು ವರ್ಷಗಳ ಹಿಂದೆ ವಿಧವೆಯೊಬ್ಬರು ಒಂಟಿಯಾಗಿ ಮಾಡಿದ ಕೆಲಸವನ್ನು ಇಡೀ ಜಮಾಅತ್ ಸೇರಿ ಮಾಡಲಾಗದೇ?

ಮಗಳನ್ನು ಶಾಲೆಗೆ ಕಳುಹಿಸಿ. ಹತ್ತು ಹದಿನೈದು ವರ್ಷಗಳ ಬಳಿಕ ಅವಳ ಮಗು ಲೆಕ್ಕದ ಪುಸ್ತಕ ಹಿಡಿದು ಬಂದಾಗ ಅವಳು "ಬಾ, ಕೂತುಕೋ" ಎನ್ನುವಂತಾಗಲಿ. ಅಂದು ನಿಮ್ಮ ಮನೆ ತಾನಾಗಿಯೇ ಶಾಲೆಯಾಗುತ್ತದೆ.

ಅಲ್ಲಾಹನು ನಮ್ಮೆಲ್ಲರ ಮಕ್ಕಳಿಗೂ ಜ್ಞಾನದ ದಾರಿಯನ್ನು ಸುಗಮಗೊಳಿಸಲಿ ಎಂದು ಪ್ರಾರ್ಥಿಸುತ್ತಾ ನಮ್ಮ ಮಾತುಗಳನ್ನು ಮುಗಿಸುತ್ತೇವೆ.